ಆಣೆ ವಾಪಸು ಪಡೆದ ಪೂಜಾರಿ

ಸಿದ್ದರಾಯನ ಜೊತೆ ನಡೆಯುವುದು ಸುಲಭದ ಕೆಲಸವಲ್ಲ. ಇಪ್ಪತ್ತು ಹೆಜ್ಜೆ ಹಾಕಿದನೆಂದರೆ ನಿಲ್ಲುತ್ತಾನೆ, ಇಡೀ ಮೈ ತಿರುಗಿಸಿ ಹಿಂದೆ ನೋಡುತ್ತಾನೆ, ಬರಬೇಕಾದವರೆಲ್ಲ ಬರುತ್ತಿದ್ದಾರೆಂದು ಖಾತ್ರಿಯಾದ ಮೇಲೆಯೇ ಮತ್ತೆ ಹೆಜ್ಜೆ ಎತ್ತುತ್ತಾನೆ. ಐವತ್ತು ವರ್ಷ ಕುರಿಗಳ ಮುಂದೆ ನಡೆದವನ ಕತ್ತಿಗೆ ಅಂಟಿಕೊಂಡ ಅಭ್ಯಾಸ. ವಿಜಯಪುರದ ಸೊಲ್ಲಾಪುರ ರಸ್ತೆಯ ನಟ್ಟನಡುವೆಯೂ ಅದು ಅವನನ್ನು ಬಿಡದು. ಒಮ್ಮೆ ಅಲ್ಲಿಯ ಗ್ಯಾರೇಜುಗಳ ಸಾಲಿನೆದುರು ಹೀಗೆ ನಿಂತುಬಿಟ್ಟಾಗ, ಹಿಂದಿನಿಂದ ಬಂದ ಟಂಟಂ ಗಾಡಿಯವನು ಗಕ್ಕನೆ ಬ್ರೇಕು ಹಾಕಿ ಬಾಯಿಗೆ ಬಂದಂತೆ ಬೈದ. ಸಿದ್ದರಾಯ ಎಲ್ಲವನ್ನೂ ಸಾವಕಾಶ ಕೇಳಿಸಿಕೊಂಡು, ಬೈಗುಳ ಮುಗಿದ ಮೇಲೆ, "ಮುಂದ?" ಎಂದ. ಗಾಡಿಯವನು ಮುಂದೇನು ಬೈಯಬೇಕೋ ತಿಳಿಯದೆ ನಕ್ಕು ಹೋದ.

ಈ "ಮುಂದ?" ಎಂಬುದು ಅವನ ಮಾತಿನ ಅರ್ಧ ಭಾಗ. ಮಗಳ ಮದುವೆ ನಿಶ್ಚಯವಾಯಿತು ಎಂದವರಿಗೂ, ಮಳೆ ಬಂತು ಎಂದವರಿಗೂ, ಊರನ್ನು ಉದ್ಧಾರ ಮಾಡುತ್ತೇನೆ ಎಂದವರಿಗೂ ಅದೇ ಪ್ರಶ್ನೆ, ಅದೇ ದನಿ. ಮೊದಲೆರಡು ಬಗೆಯ ಜನ ಉತ್ತರ ಕೊಡುತ್ತಾರೆ. ಮೂರನೆಯವರು ಮಾತ್ರ ತಡಬಡಾಯಿಸುತ್ತಾರೆ. ದಟ್ಟಿಯ ಧೋತರದ ಮೇಲೆ ಅವನು ತೊಡುವ ಕಂದು ಕೋಟಿಗೆ ಗುಂಡಿಗಳಿಲ್ಲ, ಎರಡು ಜೇಬುಗಳಿವೆ. ಎಡಗಡೆಯದರಲ್ಲಿ ತಂಬಾಕು, ಬಲಗಡೆಯದರಲ್ಲಿ ಬೀರಪ್ಪನ ಭಂಡಾರದ ಚೀಲ. ಭಂಡಾರವೆಂದರೆ ದೇವರ ಅರಿಸಿನಪುಡಿ. ಅದನ್ನು ಹಣೆಗಿಟ್ಟರೆ ಆಶೀರ್ವಾದ, ಅಂಗೈಯಲ್ಲಿ ಹಿಡಿದರೆ ಆಣೆ. ಸಿದ್ದರಾಯ ಆ ಬೀರಪ್ಪನ ಪೂಜಾರಿ. ನನಗಿಂತ ಎಂಟು ವರ್ಷ ಹಿರಿಯನಾದರೂ ನಾನು ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಬಹುವಚನದಲ್ಲಿ ಕರೆದರೆ ಇನ್ನಾರು ಬಂದರೆಂದು ಹಿಂದೆ ತಿರುಗಿ ನೋಡುವ ಮನುಷ್ಯ ಅವನು.

ಚುನಾವಣೆ ಸಾರಿದ ದಿನದಿಂದ ಎಣಿಕೆ ಮುಗಿಯುವವರೆಗೆ ಪರರ ಚಹಾ ಕುಡಿಯುವುದಿಲ್ಲವೆಂಬುದು ಅವನ ಇನ್ನೊಂದು ಹಟ. ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಲೋಟ ಮುಂದಿಟ್ಟರೆ, ಈ ಮನೆಯಿಂದ ಯಾರಾದರೂ ನಿಂತಿದ್ದಾರೆಯೇ ಎಂದು ವಿಚಾರಿಸಿದ. ಇಲ್ಲವೆಂದ ಮೇಲೂ ನಂಬಿಕೆ ಬರಲಿಲ್ಲ. ಅಂಗಳದ ನಲ್ಲಿಗೆ ಬಾಯಿಟ್ಟು ನೀರು ಕುಡಿದು ಕೂತ. ನನಗೆ ಸಿಟ್ಟು ಬಂದಿತ್ತು. ಈ ಹಟ ಎಲ್ಲಿಂದ ಬಂತೆಂದು ತಿಳಿದ ಮೇಲೆ ಆ ಸಿಟ್ಟು ನನ್ನ ಮೇಲೆಯೇ ತಿರುಗಿತು.

ಅವನ ಊರು ತಿಕೋಟಾ ಕಡೆಗೆ, ಘೋಣಸಗಿ ದಾಟಿ ಇನ್ನಷ್ಟು ದೂರ. ಹೆಸರು ಬೇಡ, ಮುಂದೆಯೂ ನಾನು ಅಲ್ಲಿ ರೊಟ್ಟಿ ತಿನ್ನಲು ಹೋಗಬೇಕಾಗಿದೆ. ಊರಿನ ಬೋರ್‌ವೆಲ್ಲುಗಳ ನೀರೆಲ್ಲ ಸವಳು, ಬಾಯಿಗಿಟ್ಟರೆ ಉಪ್ಪು. ಐದು ವರ್ಷದ ಹಿಂದೆ ಪಂಚಾಯ್ತಿ ಚುನಾವಣೆಗೆ ನಿಂತ ಪರಸಪ್ಪ ಎಂಬಾತ ಮನೆಮನೆಗೆ ಹೊಳೆಯುವ ಸ್ಟೀಲಿನ ಕೊಡ ಹಂಚಿದ. ಕೊಡ ಕೊಟ್ಟು ಸುಮ್ಮನಾಗಲಿಲ್ಲ, ಅದರೊಳಗೆ ಒಂದು ಹಿಡಿ ಭಂಡಾರ ಹಾಕಿಸಿ, ಒಳಗೆ ಕೈಯಿಟ್ಟು "ಬೀರಪ್ಪನಾಣಿ, ಪರಸಪ್ಪಗ ಹಾಕತೇನಿ" ಎನ್ನಿಸಿದ. ನಮ್ಮ ಕಡೆಯ ಜನ ಸರಕಾರಕ್ಕೆ ಹೆದರುವುದಿಲ್ಲ, ಆಣೆಗೆ ಹೆದರುತ್ತಾರೆ. ತಪ್ಪಿದರೆ ಮನೆಯ ಮಕ್ಕಳಿಗೆ, ದನಕರುಗಳಿಗೆ ಮುಟ್ಟುತ್ತದೆಂಬ ಭಯ. ಆ ಭಂಡಾರವನ್ನು ತನ್ನ ಕೈಯಾರೆ, ಎಲ್ಲ ತಿಳಿದೇ ಕೊಟ್ಟವನು ಸಿದ್ದರಾಯ. ಬಿಸಿಲಲ್ಲಿ ಒಣಗುತ್ತಿದ್ದ ಬೀರಪ್ಪನ ಗುಡಿಗೆ ತಗಡಿನ ಚಾವಣಿ ಹೊದಿಸುವುದಾಗಿ ಪರಸಪ್ಪ ಮಾತು ಕೊಟ್ಟಿದ್ದ. ತನಗಾಗಿ ಒಂದು ಬಿಡಿಗಾಸು ಮುಟ್ಟಿಲ್ಲ, ದೇವರಿಗೆ ಬಂದದ್ದು ಲಂಚ ಹೇಗಾದೀತು ಎಂದು ಪೂಜಾರಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಪರಸಪ್ಪ ಗೆದ್ದ. ತಗಡು ಬಂತು. ಶುದ್ಧ ನೀರಿನ ಘಟಕವೂ ಬಂತು. ತೆಂಗಿನಕಾಯಿ ಒಡೆದು, ಫೋಟೊ ತೆಗೆಸಿಕೊಂಡದ್ದಾಯಿತು. ಘಟಕ ಒಂದು ತಿಂಗಳು ನಡೆದು ಕೆಟ್ಟು ನಿಂತಿತು, ಬೀಗ ಬಿತ್ತು. ಆಮೇಲೆ ಊರ ಹೆಂಗಸರು ಅದೇ ಹೊಳೆಯುವ ಕೊಡಗಳನ್ನು ಹೊತ್ತು ಒಂದೂವರೆ ಮೈಲಿ ದೂರದ ತೋಟದ ಬಾವಿಗೆ ನಡೆದರು. ಅವರಲ್ಲಿ ಸಿದ್ದರಾಯನ ಹೆಂಡತಿ ಕಾಶಿಬಾಯಿಯೂ ಒಬ್ಬಳು. ಒಂದು ಮಧ್ಯಾಹ್ನ ಗುಡಿಯ ತಗಡಿನ ಕೆಳಗೆ ತಣ್ಣಗೆ ಮಲಗಿದ್ದ ಗಂಡನ ಮುಂದೆ ಕೊಡ ಇಳಿಸಿ ಆಕೆ ಹೇಳಿದ ಮಾತನ್ನು ಅವನೇ ನನಗೆ ಒಪ್ಪಿಸಿದ್ದಾನೆ: "ಬೀರಪ್ಪಗ ನೆಳ್ಳ ಮಾಡಿದಿ, ನನ್ನ ತಲಿಮ್ಯಾಲ ಕೊಡ ಇಟ್ಟಿ." ಅಂದಿನಿಂದ ಅವನು ಆ ತಗಡಿನ ಕೆಳಗೆ ಪೂಜೆಗೆ ಮಾತ್ರ ನಿಲ್ಲುತ್ತಾನೆ, ಕೂರುವುದಿಲ್ಲ.

ಅವನನ್ನು ನನಗೆ ಪರಿಚಯಿಸಿದವಳು ಅದೇ ಊರಿನ ಸುಮಂಗಲಾ, ನನ್ನ ಹಳೆಯ ವಿದ್ಯಾರ್ಥಿನಿ. ಮನೆಯಲ್ಲಿ ಬುದ್ಧನ ಪಟ, ತಂದೆ ಕೂಲಿಗೆ ಹೋಗುತ್ತಿದ್ದವರು. ಈಕೆ ದಿನಾ ಬಸ್ಸು ಹಿಡಿದು ಸೊಲ್ಲಾಪುರ ರಸ್ತೆಯ ಹೊಲಿಗೆ ಅಂಗಡಿಗೆ ಬರುತ್ತಾಳೆ. ತರಗತಿಯಲ್ಲಿ ಪ್ರಶ್ನೆ ಕೇಳಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ ಹುಡುಗಿ, ಊರ ಗ್ರಾಮಸಭೆಯಲ್ಲೂ ಅದೇ ಚಾಳಿ ಮುಂದುವರಿಸಿದ್ದಳು. ಘಟಕಕ್ಕೆ ಬೀಗ ಏಕೆ, ಬೀಗದ ಕೈ ಯಾರ ಬಳಿ, ರಿಪೇರಿಗೆಂದು ಬರೆದ ಹಣ ಎಲ್ಲಿ ಹೋಯಿತು ಎಂದು ಅರ್ಜಿಯ ಮೇಲೆ ಅರ್ಜಿ ಹಾಕಿ ಉತ್ತರ ತರಿಸಿ, ಅದನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ್ದಳು. ಈ ಸಲದ ಚುನಾವಣೆಯಲ್ಲಿ ಪರಸಪ್ಪನ ಎದುರು ಅವಳೇ ನಿಂತಳು. ಹಂಚಲು ಅವಳ ಬಳಿ ಏನೂ ಇರಲಿಲ್ಲ.

ಪರಸಪ್ಪನ ಕಡೆಯವರು ಮತ್ತೆ ಭಂಡಾರಕ್ಕೆ ಬಂದರು. ಈ ಸಲ ಗುಡಿಯ ನೆಲಕ್ಕೆ ಫರಸಿ ಕಲ್ಲು ಹಾಸುವ ಮಾತಾಡಿದರು. ಸಿದ್ದರಾಯ ಕೋಟಿನ ಜೇಬಿನ ಮೇಲೆ ಅಂಗೈಯಿಟ್ಟು ಕೂತ, ಏಳಲಿಲ್ಲ. ಅವರು ಬಬಲೇಶ್ವರದ ಸಂತೆಯಿಂದ ಅರಿಸಿನ ತಂದು, ಬೀರಪ್ಪನ ಹೆಸರಿಟ್ಟು, ಮನೆಗೊಂದು ಕುಕ್ಕರ್ ಕೊಟ್ಟು, ಎರಡು ದಿನದಲ್ಲಿ ಇಡೀ ವಾರ್ಡಿನಿಂದ ಆಣೆ ಮಾಡಿಸಿಬಿಟ್ಟರು. ಆಮೇಲೆ ಜನರಿಗೆ ಚಡಪಡಿಕೆ ಹತ್ತಿತು. ಸುಮಂಗಲಾಳಿಗೆ ಹಾಕಬೇಕೆಂದಿದ್ದವರೇ ಬಹಳ, ಆದರೆ ಕೈಯಿಟ್ಟಾಗಿತ್ತು. ಒಬ್ಬೊಬ್ಬರೇ ಬಂದು ಪೂಜಾರಿಯ ಮುಂದೆ ನಿಂತು ಏನು ಮಾಡುವುದೆಂದು ಕೇಳತೊಡಗಿದರು.

ಮತದಾನಕ್ಕೆ ಮೂರು ದಿನ ಉಳಿದಿದ್ದಾಗ ನಾನು ಅಲ್ಲಿದ್ದೆ. ಓದಿದವನ ಬುದ್ಧಿ ಓಡಿಸಿ, ಅದು ಸಂತೆಯ ಅರಿಸಿನ, ಗುಡಿಯ ಭಂಡಾರವಲ್ಲ, ಆಣೆ ತಾಕುವುದಿಲ್ಲ ಎಂದುಬಿಡು, ಸಮಸ್ಯೆ ಮುಗಿಯುತ್ತದೆ ಎಂದೆ. ಸಿದ್ದರಾಯ ನನ್ನನ್ನು ಕನಿಕರದಿಂದ ನೋಡಿದ.

"ಅದು ಸುಳ್ಳ ಆಗತೈತ್ರಿ ಸರ. ಅರಿಷಿಣ ಎಲ್ಲೀದರೆ ಇರವಲ್ದ್ಯಾಕ, ಮನಸಿನ್ಯಾಗ ಅವರು ಬೀರಪ್ಪನ್ನ ಮುಟ್ಟ್ಯಾರ. ಪರಸಪ್ಪನೂ ಸುಳ್ಳ, ನಾನೂ ಸುಳ್ಳ ಆದ್ರ ಮಂದಿ ಯಾರನ್ನ ನಂಬಬೇಕು?"

ಮರುದಿನ ಐತವಾರ, ಪೂಜೆಯ ಹೊತ್ತು. ಗುಡಿಯ ಮುಂದೆ ವಾರ್ಡಿನ ಜನವೆಲ್ಲ ಕೂಡಿದ್ದರು. ಸಿದ್ದರಾಯ ತಗಡಿನ ನೆರಳು ಬಿಟ್ಟು ಬಿಸಿಲಿಗೆ ಬಂದು ನಿಂತ. ಐದು ವರ್ಷದ ಹಿಂದೆ ಮೊದಲು ಕೊಂಡುಕೊಳ್ಳಲ್ಪಟ್ಟವನು ತಾನು, ತನ್ನ ಬೆಲೆ ಹದಿನೆಂಟು ತಗಡು, ತಾನು ಕೈ ಚಾಚಿದ್ದಕ್ಕೇ ಊರು ಕೈ ಚಾಚಿತು ಎಂದು ಒಂದೊಂದಾಗಿ ಹೇಳಿದ. ಮಾತು ಬಲ್ಲವನಲ್ಲ. ಕೊನೆಗೆ ಕೋಟು ಕಳಚಿಟ್ಟು, ಹೆಗಲ ಮೇಲಿನ ಕಂಬಳಿಯನ್ನು ಎರಡೂ ಕೈಯಲ್ಲಿ ಉಡಿಯಂತೆ ಹಿಡಿದ.

"ಕೈ ಇಟ್ಟವರು ಒಂದೊಂದ ಚಿಟಿಕಿ ಭಂಡಾರ ಇದರಾಗ ಹಾಕ್ರಿ. ನಿಮ್ಮ ಆಣಿ ನಾ ತಗೋತೇನಿ. ಬೀರಪ್ಪ ಸಿಟ್ಟಾದ್ರ ನನ್ನ ಮನಿಗೆ ಬರ್ಲಿ, ನನ್ನ ಕುರಿಗೆ ಬರ್ಲಿ. ನೀವು ನಿಮಗ ಚಲೋ ಅನಿಸಿದವ್ರಿಗೆ ಹಾಕ್ರಿ."

ಇದು ನಾಟಕವೆಂದುಕೊಂಡವರು ಅವನನ್ನು ಬಲ್ಲವರಲ್ಲ. ಆ ನಲವತ್ತು ಕುರಿಗಳೇ ಅವನ ಆಸ್ತಿ. ಬೀರಪ್ಪ ಮುನಿದರೆ ಅವು ಉಳಿಯುವುದಿಲ್ಲವೆಂದು ಅವನು ನನ್ನ ನಿಮ್ಮಂತೆ ಅರೆಮನಸ್ಸಿನಿಂದಲ್ಲ, ಪೂರ್ಣವಾಗಿ ನಂಬಿದವನು. ಜನ ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಕದಲಲಿಲ್ಲ. ಆಗ ಹೆಂಗಸರ ನಡುವಿನಿಂದ ಕಾಶಿಬಾಯಿ ಎದ್ದು ಬಂದಳು.

"ನಮ್ಮ ಮನಿಗೆ ಬರ್ಲಿ ಅಂದೆಲ್ಲ, ನನ್ನ ಕೇಳಿದೇನು?"

ಹಾಗೆಂದವಳೇ ಪೂಜೆಯ ತಟ್ಟೆಯಿಂದ ಚಿಟಿಕೆ ಭಂಡಾರ ತೆಗೆದು ಕಂಬಳಿಗೆ ಹಾಕಿದಳು. "ಕೊಡದಾಗ ನಾನೂ ಕೈ ಇಟ್ಟಿದ್ನಿ. ಅದನ್ನೂ ತಗೋ," ಎಂದಳು. ಅವಳ ಹಿಂದೆ ಮುದುಕಿ ರಾಚವ್ವ ಬಂದಳು, ಅವಳ ಹಿಂದೆ ಸಾಲು ಕಟ್ಟಿತು. ಕುಕ್ಕರಿನ ಗತಿಯೇನೆಂದು ಯಾರೋ ಕೇಳಿದ್ದಕ್ಕೆ, ಅದು ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟದ್ದು ಎಂದ ಪೂಜಾರಿ. ಮರುದಿನ ಪರಸಪ್ಪನ ಕಟ್ಟೆಯ ಮೇಲೆ ಹತ್ತೊಂಬತ್ತು ಕುಕ್ಕರುಗಳು ಕಂಡವು. ಉಳಿದವು ಇಂದಿಗೂ ಒಲೆಯ ಮೇಲೆ ಸೀಟಿ ಹೊಡೆಯುತ್ತಿವೆ. ನಾನೇ ಒಂದರ ಅನ್ನ ಉಂಡಿದ್ದೇನೆ.

ಆ ಐತವಾರವೇ, ಸಾಲು ಕರಗಿದ ಮೇಲೆ, ಸುಮಂಗಲಾ ಮುಂದೆ ಬಂದು, ತಾನೂ ಭಂಡಾರ ಹಿಡಿದು ಪ್ರಾಮಾಣಿಕವಾಗಿ ಇರುತ್ತೇನೆಂದು ಆಣೆ ಮಾಡಲು ಸಿದ್ಧಳಾದಳು. ಸಿದ್ದರಾಯ ಕಂಬಳಿಯನ್ನು ಹಿಂದಕ್ಕೆಳೆದುಕೊಂಡ.

"ನಿನಗ ಆಣಿ ಬ್ಯಾಡವಾ. ಐತವಾರಕ್ಕೊಮ್ಮೆ ಇಲ್ಲಿ ಬಂದ ನಿಂದ್ರು. ಕೇಳಾಕ ನಾವ ಅದೇವಲ್ಲ."

ಅವಳು ಹನ್ನೊಂದು ಮತಗಳಿಂದ ಗೆದ್ದಳು. ಗೆದ್ದ ಮೂರನೆಯ ವಾರ ಸಿದ್ದರಾಯನ ಎರಡು ಕುರಿಗಳು ಸತ್ತವು. ಎಳೆಯ ಜೋಳದ ಚಿಗುರು ಮೇದು ವಿಷವಾಗಿದೆ ಎಂದು ಪಶುವೈದ್ಯರು ಹೇಳಿದರೂ ಊರು ಗುಸುಗುಸು ಅಂದಿತು. ಕಾಶಿಬಾಯಿ ಒಂದು ದಿನ ಅತ್ತಳು. ಮರುದಿನ ಮುಂಜಾನೆ ರಾಚವ್ವ ತನ್ನ ಹಟ್ಟಿಯ ಒಂದು ಹೆಣ್ಣುಮರಿಯನ್ನು ಎತ್ತಿಕೊಂಡು ಬಂದು, ಆ ಆಣೆಯಲ್ಲಿ ತನ್ನ ಪಾಲೂ ಇದೆ, ನಷ್ಟವೆಲ್ಲ ನೀವೇ ಹೊತ್ತರೆ ಹೇಗೆ ಎಂದು ಅಂಗಳದಲ್ಲಿ ಬಿಟ್ಟುಹೋದಳು. ಬೇಡವೆನ್ನಲು ಸಿದ್ದರಾಯ ಬಾಯಿ ತೆರೆಯುವಷ್ಟರಲ್ಲಿ ಅವಳು ಓಣಿ ತಿರುಗಿದ್ದಳು.

ಕಳೆದ ಐತವಾರ ಹೋಗಿದ್ದೆ. ನೀರಿನ ಘಟಕ ನಡೆಯುತ್ತಿದೆ, ನಡುವೆ ಎರಡು ಸಲ ಕೆಟ್ಟು ರಿಪೇರಿಯಾಗಿದೆ. ಗುಡಿಯ ಮುಂದೆ ಸುಮಂಗಲಾ ನಿಂತಿದ್ದಳು, ಸುತ್ತ ಮೂವತ್ತು ನಲವತ್ತು ಮಂದಿ. ಎಲ್ಲರಿಗಿಂತ ಚೂಪಾದ ಪ್ರಶ್ನೆ ಕೇಳುತ್ತಿದ್ದವನು ಪರಸಪ್ಪ: ಎರಡನೆಯ ರಿಪೇರಿಯ ಟೆಂಡರ್ ಯಾಕೆ ಕರೆಯಲಿಲ್ಲ? ಸುಮಂಗಲಾ ಬೆವೆತಳು, ತಪ್ಪಾಗಿದೆ, ಬರುವ ವಾರ ಕಾಗದ ತರುತ್ತೇನೆ ಎಂದಳು. ಸಿದ್ದರಾಯ ಪರಸಪ್ಪನನ್ನು ಹತ್ತಿರ ಕರೆದು ಕೂರಿಸಿಕೊಂಡು, ಹೀಗೆಯೇ ಕೇಳುತ್ತಿರು ಎಂದು ಬೆನ್ನು ತಟ್ಟಿದ.

ನಮ್ಮಂಥ ನಗರದ ಓದಿದವರಿಗೆ ಭ್ರಷ್ಟಾಚಾರವೆಂಬುದು ಯಾವಾಗಲೂ ಪಕ್ಕದ ಮನೆಯ ಸಂಗತಿ. ಪತ್ರಿಕೆ ಓದಿ ಹಲ್ಲು ಕಡಿಯುತ್ತೇವೆ, ಒಳ್ಳೆಯ ನಾಯಕ ಎಲ್ಲಿಂದಲೋ ಬಂದಾನೆಂದು ಕಾಯುತ್ತೇವೆ, ಮತದಾನದ ದಿನ ಸಾಲು ಉದ್ದವಿದೆಯೆಂದು ಮನೆಗೆ ಮರಳುತ್ತೇವೆ. ನಾನೂ ಒಮ್ಮೆ ಮರಳಿದ್ದೇನೆ, ಹೇಳಲು ನಾಚಿಕೆಯಾಗುತ್ತದೆ. ಸಿದ್ದರಾಯನಂಥವರು ನಾಯಕರಲ್ಲ, ಚುನಾವಣೆಗೆ ನಿಲ್ಲುವವರೂ ಅಲ್ಲ, ಅವರ ಹೆಸರಿನ ಫಲಕ ಯಾವ ಗೋಡೆಯ ಮೇಲೂ ಏಳುವುದಿಲ್ಲ. ತಪ್ಪಿನ ಲೆಕ್ಕ ತೆಗೆಯುವಾಗ ತಮ್ಮ ಹೆಸರನ್ನು ಮೊದಲು ಹೇಳುವ ಒಂದು ಧೈರ್ಯ ಅವರಿಗಿರುತ್ತದೆ, ಅಷ್ಟೇ. ಅದನ್ನು ಒಬ್ಬರು ಹೇಳಿಬಿಟ್ಟ ಊರಿನಲ್ಲಿ ಮಿಕ್ಕವರಿಗೆ ಮುಚ್ಚಿಡುವ ದಣಿವು ತಪ್ಪುತ್ತದೆ, ಮುದುಕಿಯೊಬ್ಬಳು ಕುರಿಮರಿ ಹೊತ್ತು ಬರುತ್ತಾಳೆ, ಸೋತವನು ಪ್ರಶ್ನೆ ಕೇಳಲು ಕಲಿಯುತ್ತಾನೆ. ಒಳ್ಳೆಯ ನಾಯಕರನ್ನು ಹುಡುಕುವ ಮೊದಲು ಇಂಥ ಒಬ್ಬ ಮನುಷ್ಯ ನಮ್ಮ ಓಣಿಯಲ್ಲಿ ಇದ್ದಾನೆಯೇ ಎಂದು ನೋಡಬೇಕು. ಇಲ್ಲದಿದ್ದರೆ, ಕಷ್ಟವಾದರೂ, ನಾವೇ ಎದ್ದು ಬಿಸಿಲಿಗೆ ಬರಬೇಕು.