ಕಡಲೆ ಹೊಲದಲ್ಲಿ ಯಂತ್ರ

ಯಂತ್ರ ಮತ್ತೆ ಕೂಗಿತು. ಮಾಳಪ್ಪ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಕೆದರಿದ. ಸಿಕ್ಕಿದ್ದು ತುಕ್ಕು ಹಿಡಿದ ಎತ್ತಿನ ಲಾಳ. ಬದುವಿನ ಮೇಲೆ ನಿಂತಿದ್ದ ಹೊಲದ ಒಡೆಯ ಹೊಳಬಸಪ್ಪನ ಮುಖ ಇನ್ನಷ್ಟು ಇಳಿಯಿತು.

ಮೊನ್ನೆ ಕಡಲೆ ಕುಡಿ ಚಿವುಟುವಾಗ ಅವನ ತಾಯಿ ಶಿವಬಸವ್ವನ ಕೊರಳ ದಾರ ಹರಿದು ಇಷ್ಟಲಿಂಗ ಇದೇ ಹೊಲದಲ್ಲಿ ಬಿದ್ದುಹೋಗಿತ್ತು. ಅಂದಿನಿಂದ ಮುದುಕಿ ಒಂದು ತುತ್ತು ಉಂಡಿಲ್ಲ. ಲಿಂಗವಿಲ್ಲದ ಎದೆಗೆ ಅನ್ನವೆಲ್ಲಿಯದು ಎನ್ನುತ್ತಾಳೆ. ಮಠದ ಅಯ್ಯನವರು ಬಂದು ಹೇಳಿದರೂ ಜಗ್ಗಲಿಲ್ಲ.

ಮಾಳಪ್ಪ ಹುನಗುಂದದ ನೀರಿನ ಆಫೀಸಿನಲ್ಲಿ ಫಿಟ್ಟರ್. ನೆಲದೊಳಗಿನ ಹಳೆ ಪೈಪು ಹುಡುಕಲು ಎಂಬತ್ನಾಲ್ಕನೇ ಇಸವಿಯಲ್ಲಿ ಆಫೀಸಿಗೆ ಬಂದ, ಲೋಹವಿದ್ದಲ್ಲಿ ಕೂಗುವ ಈ ಯಂತ್ರ ಅವನ ಕೈಸೇರಿ ಹದಿನೈದು ದಿನವಾಗಿತ್ತು. ಅಷ್ಟಕ್ಕೇ ರಾಮಥಾಳದ ಚಹಾದಂಗಡಿಯಲ್ಲಿ ಕೂತು, ನೆಲದಾಗ ಸೂಜಿ ಇದ್ದರೂ ಹಿಡಿತೇನಿ ಎಂದು ಕೊಚ್ಚಿಕೊಂಡಿದ್ದ. ಅನುಭವಿಸಲಿ ಈಗ! ಲಿಂಗವಿಟ್ಟ ಕರಡಿಗೆ ಬೆಳ್ಳಿಯದು, ಬಾರಪ್ಪಾ ಎಂದು ಹೊಳಬಸಪ್ಪ ಕೈಹಿಡಿದು ಕರೆತಂದಿದ್ದ.

ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಹುಡುಕಲು ಬಂದಿದ್ದರು. ಹೆಜ್ಜೆ ಹೆಜ್ಜೆಗೂ ಯಂತ್ರ ಅವರ ಕಾಲುಂಗುರಕ್ಕೇ ಕೂಗಿತು. ಮುತ್ತೈದೆಯರಿಗೆ ಕಾಲುಂಗುರ ತೆಗೆಯಿರಿ ಎನ್ನಲು ಬರುತ್ತದೆಯೇ? ಮಾಳಪ್ಪ ಎಲ್ಲರನ್ನೂ ಬದುವಿಗೆ ಕಳಿಸಿದ. ಹೊಲದಲ್ಲಿ ಅವನ ಜೊತೆ ಉಳಿದವಳು ಶಿವಬಸವ್ವ ಒಬ್ಬಳೇ. ಗಂಡ ಸತ್ತ ದಿನವೇ ಆಕೆಯ ಕಾಲು ಬರಿದಾಗಿತ್ತು.

ಅರ್ಧ ಹೊಲ ಮುಗಿದಾಗ ಮುದುಕಿ ಅವನನ್ನು ತಡೆದು ನಿಲ್ಲಿಸಿದಳು. ಬದುವಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ತಮ್ಮಾ, ಕರಡಗಿ ಇಲ್ಲಪಾ. ಲಿಂಗ ಅರಿವಿ ಗಂಟಿನಾಗ ಐತಿ."

ಇಳಕಲ್ಲಿನಲ್ಲಿರುವ ಆಕೆಯ ಮಗಳು ಬನಶಂಕರಿ ತನ್ನ ಮನಸ್ಸಿಗೆ ಬಂದವನನ್ನು ಮದುವೆಯಾದಳೆಂದು ಹೊಳಬಸಪ್ಪ ತಂಗಿಯ ಹೆಸರೆತ್ತುವುದನ್ನೇ ಬಿಟ್ಟಿದ್ದ. ಆಕೆಗೆ ಕೂಸು ಹುಟ್ಟಿದ ಸುದ್ದಿ ಬಂದಾಗ ಮುದುಕಿ ಕದ್ದು ಕರಡಿಗೆ ಕರಗಿಸಿ ಮೊಮ್ಮಗಳ ಕಾಲಿಗೆ ಗೆಜ್ಜೆ ಮಾಡಿಸಿ ಕಳಿಸಿದ್ದಳು. ಮಗನಿಗೆ ಗೊತ್ತಾದರೆ ಮನೆ ಎರಡಾದೀತು ಎಂದಳು. ಕಣ್ಣು ತುಂಬಿತ್ತು.

ಮಾಳಪ್ಪ ಕೈಯಲ್ಲಿದ್ದ ಯಂತ್ರವನ್ನು ನೋಡಿದ. ಅರಿವೆಗೂ ಕಲ್ಲಿಗೂ ಈ ಯಂತ್ರ ಸಂಜೆವರೆಗೆ ತಿರುಗಿದರೂ ಕೂಗುವುದಿಲ್ಲ. ಮುದುಕಿಯೋ ನಿಲ್ಲಲಾರದೆ ತೂಗಾಡುತ್ತಿದ್ದಳು. ಅವನು ಯಂತ್ರದ ಗುಂಡಿ ಒತ್ತಿ ಬಂದ್ ಮಾಡಿದ.

"ಇದನ್ನ ನಡಸಾಕ ನನಗ ಇನ್ನೂ ಬರಂಗಿಲ್ರಿ," ಎಂದ, ಬದುವಿನ ಮೇಲಿದ್ದವರಿಗೆಲ್ಲ ಕೇಳುವಂತೆ. "ಸುಮ್ನ ಬಡಾಯಿ ಹೊಡದೆ. ಎಲ್ಲಾರೂ ಇಳದು ಬರ್ರಿ, ಕೈಲೇ ಹುಡುಕೂಣು."

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಹೊಳಬಸಪ್ಪ ಹಲ್ಲು ಕಡಿದ. ಆದರೂ ಎಲ್ಲರೂ ಸಾಲುಹಿಡಿದು ಗಿಡದ ಬುಡ ತಡವುತ್ತ ಹೊರಟರು. ಕಡಲೆಯ ಹುಳಿ ಬೆರಳಿಗೆ ಹತ್ತಿ ಉರಿಯುತ್ತಿತ್ತು.

ಹೊತ್ತು ನೆತ್ತಿಗೇರುವಾಗ ಶಿವಬಸವ್ವ ಏನನ್ನೋ ಎತ್ತಿ ಸೆರಗಿನೊಳಗೆ ಎದೆಗೆ ಒತ್ತಿಕೊಂಡಳು. ಸಿಕ್ಕಿತು ಎಂದಳು. ಹೊಳಬಸಪ್ಪನಿಗೆ ಕಂಡಿದ್ದು ತಾಯಿಯ ಮುಚ್ಚಿದ ಮುಷ್ಟಿ ಮಾತ್ರ. ಅವನು ಹೊಲದಲ್ಲೇ ಕೂತು ಅತ್ತ. ಅಳು ನಿಂತ ಮೇಲೆ ಮಾಳಪ್ಪನ ಕಡೆ ತಿರುಗಿ, ಸರ್ಕಾರದ ಯಂತ್ರಕ್ಕಿಂತ ನಮ್ಮವ್ವನ ಕೈ ಚಲೋ ಲೇ ಎಂದ. ಮತ್ತೆ ನಗೆ ಎದ್ದಿತು. ಮಾಳಪ್ಪನೂ ನಕ್ಕ. ಆ ಮಾತು ಚುಚ್ಚಲಿಲ್ಲ ಎಂದರೆ ಸುಳ್ಳಾದೀತು.

ಮುದುಕಿ ಬೇವಿನ ಮರದ ಮರೆಗೆ ಹೋಗಿ ಪೂಜೆ ಮುಗಿಸಿ ಬಂದಳು. ಸೊಸೆ ಬುತ್ತಿ ಬಿಚ್ಚಿದಳು. ಶಿವಬಸವ್ವ ರೊಟ್ಟಿ ಮುರಿದು, ಮೇಲೆ ಪಲ್ಲೆ ಇಟ್ಟು, ಮೊದಲ ತುಂಡನ್ನು ಮಾಳಪ್ಪನ ಕೈಯಲ್ಲಿಟ್ಟಳು.

ಅವನು ಅಗಿದು ನುಂಗುವವರೆಗೂ ಆಕೆ ತನ್ನ ಪಾಲಿನದನ್ನು ಕೈಯಲ್ಲೇ ಹಿಡಿದು ಕೂತಿದ್ದಳು.