ಇಕ್ಬಾಲ ಕಾಕಾರ ವಾಲ್ವ್ ಪೆಟ್ಟಿಗೆ

ಸುಟ್ಟ ವಾಸನೆ ಮೂಗಿಗೆ ಹೊಡೆದಾಗ ಅಡುಗೆಮನೆಯಲ್ಲಿ ಏನೋ ಸೀದಿದೆ ಅಂದುಕೊಂಡಳು ಋತುಜಾ. ಸೀದದ್ದು ಇಕ್ಬಾಲ ಕಾಕಾರ ಆಂಪ್ಲಿಫಾಯರ್.

ದುರ್ಗದಬೈಲಿನ ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಕಾಕಾ, ತಾವೇ ಕಟ್ಟಿದ ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳ ಆ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದರ ಧ್ವನಿಯನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದಿಡಬೇಕೆಂದು ಋತುಜಾ ಕೇಳಿದ್ದಕ್ಕೆ ಧಾರವಾಡದ ಅವಳ ಮನೆಗೆ ತಾವೇ ಹೊತ್ತು ತಂದಿದ್ದರು. “ಸ್ಪೀಕರ್ ವೈರ್ ಹಚ್ಚದ ಚಾಲೂ ಮಾಡಬ್ಯಾಡ್ರಿ. ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗತೈತಿ. ಅಂಥಾದ್ದು ಮತ್ತ ಸಿಗಂಗಿಲ್ಲ” ಎಂದು ಹೇಳಿಯೇ ಹೋಗಿದ್ದರು.

ಧ್ವನಿಯನ್ನು ಒಡೆದು ಒರಟಾಗಿಸುವ ಋತುಜಾಳ ಡಿಸ್ಟಾರ್ಷನ್ ಪೆಡಲಿನಿಂದ ಗಿಟಾರಿನ ಧ್ವನಿ ಬರೀ ಕರ್ಕಶ. ಅದೇ ಧ್ವನಿ ಆ ಪೆಟ್ಟಿಗೆಯನ್ನು ಹಾಯ್ದು ಬಂದರೆ ಕರ್ಕಶದೊಳಗೇ ಎದೆ ತುಂಬುವ ಕಾವು. ಅವಳ ಚಿಕ್ಕಪ್ಪನ ಮಗ ಸಂಕೇತ ಪೆಡಲ್, ಪೆಟ್ಟಿಗೆ ಎರಡನ್ನೂ ಲ್ಯಾಪ್‌ಟಾಪಿಗೆ ಜೋಡಿಸಿ, ಆ ಗುಣವನ್ನೆಲ್ಲ ಒಂದು ಫೈಲಿನಲ್ಲಿ ಹಿಡಿದಿಟ್ಟಿದ್ದ. ಇನ್ನು ಪೆಟ್ಟಿಗೆಯಿಲ್ಲದೆಯೂ ಅದೇ ಧ್ವನಿ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

“ವೈರ್ ನಾನ ಕಿತ್ತೀನಿ” ಎಂದ ಸಂಕೇತ, ಚಹಾ ಹೀರುತ್ತ. “ಫುಲ್ ವಾಲ್ಯೂಮ್ ಇಟ್ಟು ಬಿಟ್ಟೆ. ನಾಳೆ ಇನ್ನೊಬ್ಬ ಬಂದು ಇದರ ಧ್ವನಿ ಹಿಡಕೊಂಡು ಹೋದ್ರ? ಈಗ ಈ ಧ್ವನಿ ನಮ್ಮ ಹತ್ರ ಅಷ್ಟ ಅದ. ಕಾಕಾಗ ಕರೆಂಟ್ ಹೆಚ್ಚುಕಮ್ಮಿ ಆತು ಅಂದ್ರಾತು.”

ಋತುಜಾಳಿಗೆ ಹೇಸಿಗೆಯಾಯಿತು. ಹಾಲು ಕರೆದುಕೊಂಡು ಹಸುವಿಗೆ ವಿಷ ಹಾಕಿ ಬಂದವನು ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಅನ್ನುವ ಹಾಗಿತ್ತು ಈ ನಾಚಿಕೆಗೇಡಿಯ ಮಾತು. ಇವನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದದ್ದು ನೆನಪಾಗಿ ಇನ್ನಷ್ಟು ಅಸಹ್ಯವೆನಿಸಿತು.

ಸಂಜೆ ಕಾಕಾ ಬಂದರು. ಸಂಕೇತ ಮುಖ ಸಪ್ಪಗೆ ಮಾಡಿಕೊಂಡು ಕರೆಂಟಿನ ಕತೆ ಹೇಳಿದ. ಕಾಕಾ ಪೆಟ್ಟಿಗೆಯ ಬೆನ್ನು ಬಿಚ್ಚಿ, ಮೂಸಿ, ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ಕೇಳಿದರು, “ಲ್ಯಾಪ್‌ಟಾಪಿನ್ಯಾಗ ಇದರ ಧ್ವನಿ ಉಳದೈತೇನ್ರಿ? ಒಮ್ಮೆ ಕೇಳಸ್ರಿ.”

ಋತುಜಾ ನುಡಿಸಿದಳು. ಅದೇ ಕಾವು, ಒಂದಿಷ್ಟೂ ಕಡಿಮೆಯಿಲ್ಲ.

ಕಾಕಾರ ಕಣ್ಣುಗಳು ಒದ್ದೆಯಾಗಿದ್ದವು. ಎದ್ದು ಬಂದು ಸಂಕೇತನ ಹೆಗಲ ಮೇಲೆ ಕೈಯಿಟ್ಟರು. “ಪುಣ್ಯಾ ಕಟ್ಟಿಕೊಂಡಿ ತಮ್ಮಾ. ಹೋಗೂಕಿಂತ ಮೊದಲ ಹಿಡದಿಟ್ಟಿ.”

ಸಂಕೇತ ವಿನಯದಿಂದ ಕೈಮುಗಿದ.

ಋತುಜಾ ಗಿಟಾರ್ ಕೆಳಗಿಟ್ಟಳು. “ಸ್ಪೀಕರ್ ವೈರ್ ಕಿತ್ತವ ಇವನ, ಕಾಕಾ. ಬೇಕಂತನ ಸುಟ್ಟಾನ.”

ಕಾಕಾ ಸಂಕೇತನ ಹೆಗಲ ಮೇಲಿದ್ದ ಕೈ ತೆಗೆದು, ಪೆಟ್ಟಿಗೆಯ ಧೂಳು ಒರೆಸುವ ಬಟ್ಟೆಯಿಂದ ಆ ಕೈಯನ್ನು ಒರೆಸಿಕೊಂಡರು.