ಬಿಚ್ಚಿದ ಬೆಲ್ಟು

ನನ್ನ ಮಗಳು ಹರ್ಷಿತಾ ಹೋಗಿ ಒಂದು ವರ್ಷವಾಯಿತು. ವಿಶಾಖಪಟ್ಟಣದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ, ಹೋದ ಆಯುಧಪೂಜೆಯ ದಿನ, ಮೊಳದುದ್ದದ ಗ್ಯಾಸ್ ಸಿಲಿಂಡರೊಂದು ಮೇಜಿನಿಂದ ಉರುಳಿಬಿತ್ತು. ವಾಲ್ವ್ ಮುರಿದು ಅದು ಹಾರಿ ಅವಳ ಎದೆಗೆ ಬಡಿಯಿತು.

ಅಂಥ ಸಿಲಿಂಡರುಗಳು ಗೋಡೆಯ ಸ್ಟ್ಯಾಂಡಿನಲ್ಲಿ ಬೆಲ್ಟು ಬಿಗಿಸಿಕೊಂಡೇ ನಿಂತಿರಬೇಕು. ಅಂದು ಬೆಳಿಗ್ಗೆ ಅವಳು ಫೋನಿನಲ್ಲಿ ಹೇಳಿದ್ದಳು: “ಅಪ್ಪಾ, ಫಣೀಂದ್ರ ಸರ್ ಎಲ್ಲಾ ಬೆಲ್ಟೂ ಬಿಚ್ಚಿ ಸಿಲಿಂಡರ್ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾರೆ, ಕುಂಕುಮ ಹಚ್ಚೋಕೆ. ಬೇಡ ಅಂದ್ರೆ, ‘ಸೀಟ್ ಬೆಲ್ಟ್ ಹಾಕಿ ಪೂಜೆ ಮಾಡ್ತಾರೇನಮ್ಮಾ’ ಅಂತ ನಗ್ತಾರೆ.”

ಫಣೀಂದ್ರ ಆ ಲ್ಯಾಬಿನ ಮುಖ್ಯಸ್ಥ. ಬೆಲ್ಟು ಬಿಚ್ಚಿದವಳು ಹರ್ಷಿತಾಳೇ ಎಂದು ವರದಿ ಬರೆದ. ನನ್ನ ಮಾತನ್ನು ಯಾರೂ ನಂಬಲಿಲ್ಲ. ಅವನು ವಿಜಯವಾಡಕ್ಕೆ ಹೋಗಿ ಗವರ್ನರ್‌ಪೇಟೆಯ ಒಂದು ಲ್ಯಾಬು ಸೇರಿದ. ನಾನು ದಿನವೂ ಸಂಧ್ಯಾವಂದನೆ ಮುಗಿಸಿ ದೇವಿಯಲ್ಲಿ ಅವನ ನಾಶವನ್ನೇ ಬೇಡಿದೆ. ಈ ಸಲದ ಆಯುಧಪೂಜೆಗೆ ರೈಲು ಹತ್ತಿದೆ.

ಆ ಲ್ಯಾಬಿನ ಮೆಟ್ಟಿಲು ಹತ್ತುವಾಗಲೇ ಒಳಗಿನ ಮಾತು ಕೇಳಿಸಿತು.

“ಸರ್, ಬೆಲ್ಟ್ ಬಿಚ್ಚಬ್ಯಾಡ್ರಿ,” ಎನ್ನುತ್ತಿದ್ದಳು ಒಬ್ಬ ಹುಡುಗಿ. ಬಳ್ಳಾರಿಯ ಕನ್ನಡ.

“ಸೀಟ್ ಬೆಲ್ಟ್ ಹಾಕಿ ಪೂಜೆ ಮಾಡ್ತಾರೇನಮ್ಮಾ ಪ್ರತ್ಯೂಷಾ!”

ಅದೇ ಮಾತು. ಅದೇ ನಗು.

ನಾನು ಒಳಗೆ ಹೋದೆ. ದೇವಿಯ ಪಟದ ಮುಂದೆ, ಮೇಜಿನ ಅಂಚಿನಲ್ಲಿ, ಮೂರು ಸಿಲಿಂಡರುಗಳು ಕುಂಕುಮ ಹಚ್ಚಿಕೊಂಡು ನಿಂತಿದ್ದವು. ನನ್ನನ್ನು ಕಂಡು ಫಣೀಂದ್ರನ ಮುಖ ಬಿಳಿಚಿತು.

“ಸತ್ಯಮೂರ್ತಿಗಾರು... ಕೂತ್ಕೊಳ್ಳಿ, ಕಾಫಿ—”

“ಎಲ್ಲರೂ ಹೊರಗೆ ಹೋಗಿ. ನೀನೂ ಹೋಗಮ್ಮ,” ಎಂದೆ, ಪೂಜೆಗೆ ನೆರೆದಿದ್ದ ಸಿಬ್ಬಂದಿಗೂ ಪ್ರತ್ಯೂಷಾಳಿಗೂ.

ಫಣೀಂದ್ರನನ್ನು ಬಿಟ್ಟು ಉಳಿದವರು ಬಾಗಿಲಾಚೆ ನಿಂತರು. ನಾನು ಎರಡು ಕೈಗಳಿಂದ ಮೇಜಿನ ಒಂದು ಬದಿಯನ್ನು ಹಿಡಿದು ಸ್ವಲ್ಪವೇ ಎತ್ತಿದೆ. ಸಿಲಿಂಡರುಗಳು ವಾಲಿದವು. ಫಣೀಂದ್ರ ಹಾರಿಬಂದು ಮೂರನ್ನೂ ಮಗುವಿನಂತೆ ಎದೆಗವಚಿಕೊಂಡ.

“ಇಳಿಸಿ! ಹುಚ್ಚು ಹಿಡಿದಿದೆಯಾ ನಿಮಗೆ?”

“ಹಿಡಿದು ವರ್ಷವಾಯಿತು. ಬೆಲ್ಟು ಬಿಚ್ಚಿದವರು ಯಾರು?”

“ಕೂತು ಮಾತಾಡೋಣ ಸತ್ಯಮೂರ್ತಿಗಾರು, ಪ್ಲೀಸ್...”

ಇನ್ನೊಂದು ಬೆರಳಷ್ಟು ಎತ್ತಿದೆ. ಅವನು ಸತ್ತರೆ ನಾನೂ ಸಾಯುತ್ತಿದ್ದೆ. ಅದೇನೂ ದೊಡ್ಡದೆನಿಸಲಿಲ್ಲ.

“ನಾನೇ!” ಎಂದು ಕಿರುಚಿದ. “ನಾನೇ ಬಿಚ್ಚಿದ್ದು! ಅವಳು ಬೇಡ ಅಂತ ಎರಡು ಸಲ ಹೇಳಿದಳು!”

ಬಾಗಿಲಾಚೆ ಎಲ್ಲರಿಗೂ ಕೇಳಿಸಿತು. ನಾನು ಮೇಜು ಇಳಿಸಿದೆ. ಸಿಲಿಂಡರುಗಳನ್ನು ಅವನ ತೋಳಿನಿಂದ ಒಂದೊಂದಾಗಿ ಬಿಡಿಸಿ, ಸ್ಟ್ಯಾಂಡಿನಲ್ಲಿಟ್ಟು, ಬೆಲ್ಟು ಬಿಗಿದೆ. ಪ್ರತ್ಯೂಷಾ ತಾನು ಕೇಳಿದ್ದನ್ನು ಬರೆದು, ಸಹಿ ಹಾಕಿ ನನ್ನ ಕೈಗಿಟ್ಟಳು. ನಾಳೆ ಅದು ವಿಶಾಖಪಟ್ಟಣದ ಪೊಲೀಸರ ಮುಂದಿರುತ್ತದೆ.

ದೇವಿಯ ಪಟವನ್ನು ವರಾಂಡಕ್ಕೆ ತರಿಸಿ ಕರ್ಪೂರ ಹಚ್ಚಿದೆ. ಎಲ್ಲರೂ ಆರತಿ ತೆಗೆದುಕೊಂಡರು. ಕೊನೆಗೆ ಫಣೀಂದ್ರ ಎರಡೂ ಕೈ ಚಾಚಿದ.

ನಾನು ತಟ್ಟೆಯನ್ನು ಹಿಂದಕ್ಕೆಳೆದುಕೊಂಡೆ.